ತಿಗಣೆ ಮದ್ದಿನ ಚೆನ್ನಯ

ಚೆನ್ನಯನನ್ನು ನಾನು ಒಮ್ಮೆ ಮುಖದ ಮೇಲೆಯೇ ಹೇಡಿ ಎಂದು ಬೈದಿದ್ದೇನೆ. ಬೈದಾಗ ಸಂಕೋಚವೇನೂ ಆಗಲಿಲ್ಲ, ಒಳಗೊಳಗೇ ಸ್ವಲ್ಪ ಖುಷಿಯೇ ಆಯಿತು ಎನ್ನಬೇಕು. ಮೇಷ್ಟ್ರಾಗಿದ್ದವನಿಗೆ ಕಂಡವರನ್ನೆಲ್ಲ ತಿದ್ದುವ ಚಟ ಅಷ್ಟು ಸುಲಭವಾಗಿ ಬಿಡುವುದಿಲ್ಲ. ಆ ಬೈಗುಳ ಎಷ್ಟು ದೊಡ್ಡ ತಪ್ಪು ಎಂದು ಗೊತ್ತಾಗಿ ಆರು ತಿಂಗಳಾಯಿತು. ಅದಕ್ಕೇ ಅವನ ಬಗ್ಗೆ ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತಿದ್ದೇನೆ.

ಮುಂಬಯಿಯ ದಹಿಸರಿನಲ್ಲಿ ನಮ್ಮದು ನಾಲ್ಕು ಮಹಡಿಯ ಹಳೇ ಬಿಲ್ಡಿಂಗ್. ನಾನು ಮೂರನೆಯದರಲ್ಲಿ, ಚೆನ್ನಯ ಮತ್ತು ಅವನ ಹೆಂಡತಿ ಸೇವಂತಿ ಎರಡನೆಯದರಲ್ಲಿ. ನಾನು ಜಯಸಿಂಹ, ಮೈಸೂರಿನವನು. ಮೂವತ್ತೊಂದು ವರ್ಷ ಇಲ್ಲಿನ ಕನ್ನಡ ರಾತ್ರಿಶಾಲೆಯಲ್ಲಿ ಪಾಠ ಮಾಡಿದೆ. ಹಗಲೆಲ್ಲ ಹೋಟೆಲುಗಳಲ್ಲಿ ಟೇಬಲ್ ಒರೆಸಿ ಬಂದವರಿಗೆ ಸಂಧಿ ಸಮಾಸ ಕಲಿಸುವ ಕೆಲಸ. ಮುಕ್ಕಾಲು ಜನ ಬೆಂಚಿನ ಮೇಲೇ ತೂಕಡಿಸುತ್ತಿದ್ದರು. ಚೆನ್ನಯ ಮಾತ್ರ ಎಚ್ಚರವಾಗಿದ್ದು ಮೈ ಕೆರೆದುಕೊಳ್ಳುತ್ತಿದ್ದ.

ಒಂದು ದಿನ ಪಾಠ ನಿಲ್ಲಿಸಿ, "ಏನಯ್ಯಾ ನಿನ್ನ ಮೈಗೆ ಬಂದಿರೋದು?" ಎಂದು ಗದರಿದೆ.

"ತಿಗಣೆ ಮಾಷ್ಟ್ರೇ," ಎಂದ. ಕಾರ್ಕಳದ ಕಡೆಯವನು, ಆಗ ಹದಿನೇಳಿರಬೇಕು. "ನಮ್ಮ ರೂಮಲ್ಲಿ ಹಾಸಿಗೆ ತಣಿಯುವುದೇ ಇಲ್ಲ ಅಲ್ವಾ. ಒಂದು ಡ್ಯೂಟಿಯವ ಎದ್ದ ಕೂಡ್ಲೇ ಇನ್ನೊಂದು ಡ್ಯೂಟಿಯವ ಬಂದು ಬೀಳ್ತಾನೆ. ತಿಗಣೆಗೆ ಉಪವಾಸ ಅಂತ್ಲೇ ಇಲ್ಲ ಮಾರಾಯ್ರೆ."

ತಿಗಣೆಯ ಬಗ್ಗೆ ಇದಕ್ಕಿಂತ ಸರಿಯಾದ ಮಾತನ್ನು ನಾನು ಯಾವ ಪಾಠಪುಸ್ತಕದಲ್ಲೂ ಓದಿಲ್ಲ. ಅದು ಕೊಳಕನ್ನು ಹುಡುಕಿಕೊಂಡು ಬರುವ ಹುಳವಲ್ಲ. ಮನುಷ್ಯನ ಮೈ ಬಿಸಿ ಎಲ್ಲಿ ಸದಾ ಸಿಗುತ್ತದೋ ಅಲ್ಲಿ ಸಂಸಾರ ಹೂಡುತ್ತದೆ. ಹದಿನೆಂಟು ಜನಕ್ಕೆ ಆರು ಹಾಸಿಗೆ ಹಾಕಿಕೊಟ್ಟ ಯಜಮಾನರೇ ಅದರ ಅನ್ನದಾತರು. ಈ ಮಾತನ್ನು ಅವರೆದುರು ಹೇಳುವವರು ಯಾರೂ ಇರಲಿಲ್ಲ, ಅಷ್ಟೆ.

ಹತ್ತನೇ ತರಗತಿಯಲ್ಲಿ ಎರಡು ಸಲ ಡುಮ್ಕಿ ಹೊಡೆದ ಮೇಲೆ ಚೆನ್ನಯ ಓದಿಗೂ ಹೋಟೆಲಿಗೂ ಕೈ ಮುಗಿದು ಒಂದು ಪೆಸ್ಟ್ ಕಂಟ್ರೋಲ್ ಕಂಪನಿಗೆ ಸೇರಿದ. ಹತ್ತು ವರ್ಷದ ನಂತರ ತನ್ನದೇ ಒಂದು ಮದ್ದು ಹೊಡೆಯುವ ಪಂಪು, ಒಂದು ಹಳೇ ಸ್ಕೂಟರು ಮಾಡಿಕೊಂಡು ಸ್ವಂತ ಕೆಲಸ ಶುರು ಮಾಡಿದ. ಬೊರಿವಲಿಯಿಂದ ಅಂಧೇರಿಯವರೆಗೆ ನಮ್ಮವರ ಹೋಟೆಲುಗಳಲ್ಲಿ ಅವನಿಗೆ ಮದ್ದಿನ ಚೆನ್ನಯ ಎಂದೇ ಹೆಸರು.

ಎರಡು ಮೂರು ಸಲ ಕುತೂಹಲಕ್ಕೆ ಅವನ ಜೊತೆ ಹೋಗಿದ್ದೇನೆ. ಅಡುಗೆಮನೆಗೆ ಕಾಲಿಟ್ಟವನು ನೆಲ ನೋಡುತ್ತಿರಲಿಲ್ಲ. ನೇರವಾಗಿ ಫ್ರಿಜ್ಜಿನ ಹಿಂದೆ ಮೋಟರು ಬಿಸಿಯಾಗುವ ಜಾಗಕ್ಕೆ ಕೈ ಹಾಕುತ್ತಿದ್ದ. ಸಣ್ಣ ಕಂದು ಜಿರಲೆಗಳೆಲ್ಲ ಅಲ್ಲಿ. ಆಮೇಲೆ ರುಬ್ಬುವ ಗ್ರೈಂಡರಿನ ಅಡಿ, ಮೆನು ಕಾರ್ಡಿನ ಪ್ಲಾಸ್ಟಿಕ್ ಕವರಿನ ಮಡಿಕೆ, ದೇವರ ಫೋಟೋದ ಹಿಂಬದಿ. ದೊಡ್ಡ ಜಿರಲೆ ಗಟಾರದ್ದು, ಮೊದಲ ಮಳೆಗೆ ಮೇಲೆ ಬರುತ್ತದೆ, ಅದರ ಬಗ್ಗೆ ಚಿಂತೆ ಬೇಡ ಎನ್ನುತ್ತಿದ್ದ. ಹಲ್ಲಿಯನ್ನು ಮಾತ್ರ ಯಾರು ಎಷ್ಟು ಹೇಳಿದರೂ ಮುಟ್ಟುತ್ತಿರಲಿಲ್ಲ. "ಅದು ನನ್ನದೇ ಕೆಲಸ ಮಾಡುವುದಲ್ವಾ," ಎಂದು ನಗುತ್ತಿದ್ದ. ಪವಾಯಿಯ ಕೆರೆಯ ಪಕ್ಕದ ಟವರುಗಳಲ್ಲಿ ಇಪ್ಪತ್ತನೇ ಮಹಡಿಯ ಹೆಂಗಸರು, "ನಮ್ಮಲ್ಲಿ ಏನೂ ಇಲ್ಲ ಭಯ್ಯಾ, ಪಕ್ಕದವರ ಮನೆಯಿಂದ ಬರ್ತವೆ," ಎಂದು ಹಿಂದಿಯಲ್ಲಿ ಹೇಳುತ್ತಿದ್ದರು. ಪಕ್ಕದ ಮನೆಯವರೂ ಅದನ್ನೇ ಹೇಳುತ್ತಿದ್ದರು.

ಜನರ ಒಂದು ಹುಚ್ಚಿನ ಬಗ್ಗೆ ಅವನಿಗೆ ತಮಾಷೆಯೋ ತಮಾಷೆ. ಮದ್ದಿಗೆ ವಾಸನೆ ಬರದಿದ್ದರೆ ಅದು ಮದ್ದೇ ಅಲ್ಲ ಎಂದು ಎಲ್ಲರ ನಂಬಿಕೆ. ಜಿರಲೆಗೆ ಹಾಕುವ ಒಳ್ಳೆಯ ಜೆಲ್ಲಿಗೆ ವಾಸನೆಯೇ ಇಲ್ಲ. ಹಾಗಾಗಿ ಕೆಲಸವೆಲ್ಲ ಮುಗಿದ ಮೇಲೆ ಮೂಲೆಗಳಲ್ಲಿ ಒಂದಿಷ್ಟು ಫಿನಾಯಿಲ್ ಚಿಮುಕಿಸಿ ಬರುತ್ತಿದ್ದ. "ಜೆಲ್ ಜಿರಲೆಗೆ, ಫಿನಾಯಿಲ್ ಧಣಿಗಳಿಗೆ," ಎನ್ನುತ್ತಿದ್ದ. ತನ್ನ ಮೂಗಿನ ಮೇಲೆ ಅವನಿಗೆ ಬಹಳ ಅಭಿಮಾನ. ಬಾಗಿಲಲ್ಲಿ ನಿಂತು ಒಮ್ಮೆ ಉಸಿರೆಳೆದರೆ ತಿಗಣೆ ಇದೆಯೋ ಇಲ್ಲವೋ ಹೇಳುತ್ತೇನೆ ಎನ್ನುತ್ತಿದ್ದ, ಹೇಳುತ್ತಲೂ ಇದ್ದ.

ಈ ಅಭಿಮಾನಕ್ಕೆ ಮೈ ತೆತ್ತ ಬೆಲೆ ಬೇರೆ. ಅಂಗೈಯ ಚರ್ಮ ಒಡೆದು ಬಿರುಕು, ಉಗುರು ಹಳದಿ, ಚಳಿಗಾಲವೆಲ್ಲ ಕೆಮ್ಮು. ಮುಖಕ್ಕೆ ಕಟ್ಟಿಕೊಳ್ಳುತ್ತಿದ್ದದ್ದು ಸೇವಂತಿಯ ಹಳೇ ದುಪಟ್ಟಾ. "ಒಂದು ಒಳ್ಳೆಯ ಮಾಸ್ಕ್ ತಗೊಳ್ಳೋ," ಎಂದರೆ, "ಅದು ಹಾಕಿದ್ರೆ ವಾಸನೆ ಹೇಗೆ ಗೊತ್ತಾಗುವುದು ಮಾಷ್ಟ್ರೇ," ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದ.

ಅವರಿಗೆ ಮಕ್ಕಳಾಗಲಿಲ್ಲ. ಸೇವಂತಿಗೆ ಮಗನಂತಿದ್ದವನು ಅವಳ ತಮ್ಮ ರೋಶನ್. ತಾಯಿ ತೀರಿಕೊಂಡಾಗ ಅವನಿಗೆ ಮೂರು ವರ್ಷ, ಇವಳಿಗೆ ಹದಿನಾರು. ಸೊಂಟದಲ್ಲಿ ಎತ್ತಿಕೊಂಡೇ ಬೆಳೆಸಿದಳು. ಅವನು ದೊಡ್ಡವನಾಗಿ ಗೋರೆಗಾಂವಿನ ಒಂದು ಹೋಟೆಲಿನಲ್ಲಿ ದೋಸೆ ಕಾವಲಿಯ ಮುಂದೆ ನಿಂತ. ಹೋಟೆಲಿನ ಹೆಸರು ಇಲ್ಲಿ ಬೇಡ. ಕಲ್ಲಿನ ಮೇಲೆ ಒಂದೇ ಹೊತ್ತಿಗೆ ಒಂಬತ್ತು ದೋಸೆ ಹುಯ್ಯುತ್ತಿದ್ದ, ಒಂದಕ್ಕೊಂದು ತಾಗುತ್ತಿರಲಿಲ್ಲ. ಬಹಳ ನಗುವ ಹುಡುಗ. ಅವನು ಬಂದ ದಿನ ಎರಡನೇ ಮಹಡಿಯ ನಗು ನನ್ನ ಮನೆಗೆ ಕೇಳಿಸುತ್ತಿತ್ತು.

ಆದರೆ ಅಕ್ಕನ ಮನೆಯಲ್ಲಿ ಒಂದು ರಾತ್ರಿ ಉಳಿಯಲೂ ಅವನಿಗೆ ಅಪ್ಪಣೆ ಇರಲಿಲ್ಲ. ಹೋಟೆಲಿನ ಅಟ್ಟದಲ್ಲಿ ಮಲಗುವವನ ಬ್ಯಾಗಿನ ಹೊಲಿಗೆಯಲ್ಲಿ, ಚಪ್ಪಲಿಯ ಪಟ್ಟಿಯಲ್ಲಿ ತಿಗಣೆ ಇದ್ದೇ ಇರುತ್ತದೆ ಎಂದು ಚೆನ್ನಯನಿಗೆ ಗೊತ್ತು. ಒಂದೇ ಒಂದು ಬಸುರಿ ತಿಗಣೆ ಒಳಗೆ ಬಂದರೆ ಬಿಲ್ಡಿಂಗಿಗೇ ಹಬ್ಬ. ಹಾಗಾಗಿ ರೋಶನ್ ಬ್ಯಾಗನ್ನು ಮೆಟ್ಟಿಲ ಬಳಿ ಬಿಟ್ಟು, ಪ್ಯಾಸೇಜಿನಲ್ಲೇ ಬಟ್ಟೆ ಬದಲಿಸಿ, ಬಾವನ ಲುಂಗಿ ಉಟ್ಟು ಒಳಗೆ ಬರಬೇಕು. ಅವನು ಅದನ್ನು ನಗುತ್ತಲೇ ಮಾಡುತ್ತಿದ್ದ. ಸೇವಂತಿಗೆ ಮಾತ್ರ ನಗು ಬರುತ್ತಿರಲಿಲ್ಲ.

ಮೂರು ವರ್ಷದ ಹಿಂದಿನ ಬೇಸಿಗೆಯಲ್ಲಿ ಆ ಹೋಟೆಲಿನ ಅಟ್ಟದಲ್ಲಿ ತಿಗಣೆ ಮಿತಿ ಮೀರಿತು. ರೋಶನನ ಕಣ್ಣು ಗುಳಿ ಬಿದ್ದವು. ನಿದ್ದೆಗೆಟ್ಟು ಒಂದು ಬೆಳಿಗ್ಗೆ ಕಾವಲಿಗೇ ಕೈ ಊರಿದ. ಬ್ಯಾಂಡೇಜ್ ಕಟ್ಟಿಕೊಂಡು ಬಂದ ತಮ್ಮನನ್ನು ನೋಡಿ ಸೇವಂತಿ ಗಂಡನ ಮೇಲೆ ಹರಿಹಾಯ್ದಳು. ನಾನು ಅಲ್ಲೇ ಕಾಫಿ ಕುಡಿಯುತ್ತಾ ಕೂತಿದ್ದೆ, ಆ ಸಿಟ್ಟಿನಲ್ಲೂ ನನಗೆ ತಿಳಿಯಲಿ ಎಂದು ತುಳು ಬಿಟ್ಟು ಕನ್ನಡದಲ್ಲೇ ಬೈದಳು.

"ಊರ ಹೋಟೆಲಿಗೆಲ್ಲ ಮದ್ದು ಹೊಡೀತೀರಿ. ನನ್ನ ತಮ್ಮ ಒಂದು ತಿಂಗಳಿಂದ ಕಣ್ಣು ಮುಚ್ಚಲಿಲ್ಲ. ಇಲ್ಲಿಗೂ ಬರ್ಬಾರ್ದು, ಅಲ್ಲೂ ಮಲಗ್ಲಿಕ್ಕೆ ಆಗುವುದಿಲ್ಲ. ಅವ ಎಂತ, ತಿಗಣೆಯಾ?"

ಚೆನ್ನಯ ಆ ಅಟ್ಟಕ್ಕೆ ಮೂರು ಸಲ ಮದ್ದು ಹೊಡೆದಿದ್ದ. ಅಜ್ಜಂದಿರು ಸತ್ತ ಮದ್ದಿಗೆ ಮೊಮ್ಮಕ್ಕಳು ಸಾಯುವುದಿಲ್ಲ, ಈಗಿನ ತಿಗಣೆಗಳ ಚರ್ಮವೇ ಬೇರೆ ಎಂದು ನನಗೆ ವಿವರಿಸಿದ. ಅಟ್ಟವನ್ನು ಖಾಲಿ ಮಾಡಿಸಿ ಹಾಸಿಗೆ ಹಲಗೆ ಎಲ್ಲ ಸುಟ್ಟು ಹೊಸದು ಹಾಕಬೇಕು ಎಂದು ಯಜಮಾನರಿಗೆ ಹೇಳಿದ. ಅವರು ಕೇಳಲಿಲ್ಲ. ಗಿರಾಕಿಯೊಬ್ಬ ವೇಟರಿನ ಕಾಲರಿನ ಮೇಲೆ ಹುಳ ಹರಿಯುವುದನ್ನು ನೋಡಿದ್ದನಂತೆ, ಒಂದು ವಾರದಲ್ಲಿ ಹುಳ ಹೋಗದಿದ್ದರೆ ಅಟ್ಟದವರೇ ಜಾಗ ಖಾಲಿ ಮಾಡಬೇಕು ಎಂದುಬಿಟ್ಟರು. ರೋಶನನ ಕೆಲಸವೂ ಹೋಗುವುದರಲ್ಲಿತ್ತು.

ಆಗ ಚೆನ್ನಯ ಧಾನ್ಯದ ಗೋದಾಮಿನಲ್ಲಿ ಕೆಲಸ ಮಾಡುವ ಕಾಶಿನಾಥ ಎಂಬ ಪರಿಚಯದವನ ಹತ್ತಿರ ಹೋದ. ಮೂಟೆಗಳ ನಡುವೆ ಇಟ್ಟರೆ ಹುಳ ಸಾಯುವ ಮಾತ್ರೆ ಅಲ್ಲಿ ಇತ್ತು. ಗಾಳಿ ತಗುಲಿದರೆ ವಿಷದ ಗ್ಯಾಸು ಬಿಡುತ್ತದೆ. ಮನುಷ್ಯರು ಇರುವ ಕಟ್ಟಡದಲ್ಲಿ ಅದನ್ನು ಇಡಲೇಬಾರದು, ತರಬೇತಿ ಇಲ್ಲದವನ ಕೈಗೆ ಸಿಗಲೇಬಾರದು. ಎರಡೂ ಆಯಿತು. ಕೊಡುವಾಗ ಕಾಶಿನಾಥ, "ಬೆಳ್ಳುಳ್ಳಿ ವಾಸನೆ ಬಂತು ಅಂದ್ರೆ ಓಡು, ಹಿಂದೆ ನೋಡ್ಬೇಡ," ಎಂದಿದ್ದನಂತೆ.

ಚೆನ್ನಯ ಅಟ್ಟವನ್ನು ಖಾಲಿ ಮಾಡಿಸಿದ. ಮಾತ್ರೆಗಳನ್ನಿಟ್ಟು ಬಾಗಿಲ ಸಂದು, ಕಿಟಕಿ, ಹಲಗೆಗಳ ಬಿರುಕು ಎಲ್ಲಕ್ಕೂ ಕಾಗದ, ಟೇಪು ಅಂಟಿಸಿದ. ಮೂರು ದಿನ ಯಾರೂ ಹತ್ತಬಾರದು, ಮಲಗುವವರು ಹೋಟೆಲು ಮುಚ್ಚಿದ ಮೇಲೆ ಗಿರಾಕಿಗಳು ಕೂರುವ ಹಾಲಿನಲ್ಲಿ ಮಲಗಬೇಕು ಎಂದ. ಹೊಗೆಯ ಹಾಗೆ ಗ್ಯಾಸೂ ಮೇಲಕ್ಕೆ ಹೋಗುತ್ತದೆ ಎಂದು ಅವನು ತಿಳಿದಿದ್ದ. ಇದು ಗಾಳಿಗಿಂತ ತೂಕದ್ದು, ತೂತು ಸಿಕ್ಕರೆ ಕೆಳಗೆ ಇಳಿಯುತ್ತದೆ. ಅಟ್ಟದ ಕೆಳಗೆ ಸ್ಟೋರ್ ರೂಮು. ಆ ರೂಮಿನ ಮೂಲೆಯಲ್ಲಿ, ಅಕ್ಕಿ ಮೂಟೆಗಳ ಹಿಂದೆ, ಮೇಲಿನ ಹಲಗೆಗೆ ಇಲಿ ಒಂದು ತೂತು ಕೊರೆದಿತ್ತು. ಇಪ್ಪತ್ತೈದು ವರ್ಷ ಇಲಿಯ ದಾರಿ ಹುಡುಕಿದವನಿಗೆ ಆ ಒಂದು ತೂತು ಕಾಣಲಿಲ್ಲ.

ಎರಡನೆಯ ದಿನ ಮಧ್ಯಾಹ್ನ ಮೂರಕ್ಕೆ ಕೆಲಸದವರಿಗೆ ಬಿಡುವು. ಹಾಲಿನಲ್ಲಿ ಗಿರಾಕಿಗಳು, ಅಟ್ಟಕ್ಕೆ ಬೀಗ. ರೋಶನ್ ಮತ್ತು ಪಾತ್ರೆ ತೊಳೆಯುವ ಮರೆಪ್ಪ ಸ್ಟೋರ್ ರೂಮಿನ ಅಕ್ಕಿ ಮೂಟೆಗಳ ಮೇಲೆ ಮಲಗಿದರು. ಐದಕ್ಕೆ ಎಬ್ಬಿಸಲು ಹೋದಾಗ ಇಬ್ಬರೂ ವಾಂತಿಯಲ್ಲಿ ಬಿದ್ದಿದ್ದರು. ಊಟ ಕೆಟ್ಟಿತು ಎಂದುಕೊಂಡು ಯಾರೋ ಸೋಡಾ ಕುಡಿಸಿದರಂತೆ. ಪವಾಯಿಯ ಒಂದು ಫ್ಲಾಟಿನಲ್ಲಿ ಕೆಲಸದಲ್ಲಿದ್ದ ಚೆನ್ನಯನಿಗೆ ಫೋನ್ ಹೋಯಿತು. ಅವನು ಒಂದು ಕ್ಷಣವೂ ತಡಮಾಡದೆ ಮಾತ್ರೆಯ ಹೆಸರು ಹೇಳಿ, ಡಾಕ್ಟರಿಗೆ ತಿಳಿಸಿ ಎಂದು ಕೂಗಿಕೊಂಡ. ಡಾಕ್ಟರು, ಇದಕ್ಕೆ ಮದ್ದಿಲ್ಲ, ಮೈ ತಡೆದುಕೊಂಡರೆ ಉಂಟು ಇಲ್ಲದಿದ್ದರೆ ಇಲ್ಲ ಎಂದರು. ರೋಶನ್ ಕತ್ತಲಾಗುವ ಮೊದಲೇ ಹೋದ. ಇಪ್ಪತ್ತೇಳು ವರ್ಷ. ಯಾದಗಿರಿಯ ಕಡೆಯ ಮರೆಪ್ಪ ಹನ್ನೊಂದು ದಿನ ಒದ್ದಾಡಿ ಬದುಕಿಕೊಂಡ.

ಚೆನ್ನಯ ಪೊಲೀಸರಿಗೆ ಏನನ್ನೂ ಮುಚ್ಚಿಡಲಿಲ್ಲ. ಮಾತ್ರೆ ತಂದದ್ದು, ಇಟ್ಟದ್ದು, ಲೈಸೆನ್ಸ್ ಇಲ್ಲದ್ದು ಎಲ್ಲ ಒಪ್ಪಿಕೊಂಡ. ಜಾಮೀನಿನ ಮೇಲೆ ಹೊರಗೆ ಬಂದ ಮೇಲೆ ವಕೀಲರು ನಡೆದದ್ದನ್ನೆಲ್ಲ ಕನ್ನಡದಲ್ಲೇ ಬರೆಸಿ ತಾ ಎಂದರು. ಬರೆಯಲು ಕೂತವನು ನಾನು. ಆಗ ಅವನು ಯಾರಿಗೂ ಹೇಳದ ಒಂದು ಮಾತು ಹೇಳಿದ.

"ನಾನು ಆ ದಿನ ಅಲ್ಲಿಗೆ ಹೋಗಿದ್ದೆ ಮಾಷ್ಟ್ರೇ. ಮೂರೂಕಾಲಕ್ಕೆ. ಗ್ಯಾಸ್ ಎಲ್ಲಾದ್ರೂ ಸೋರ್ತದಾ ನೋಡ್ಲಿಕ್ಕೆ. ಸ್ಟೋರಿನ ಬಾಗಿಲಲ್ಲಿ ನಿಂತು ಮೂಸಿದೆ. ಬೆಳ್ಳುಳ್ಳಿ ವಾಸನೆ ಬಂತು."

ನನ್ನ ಪೆನ್ನು ನಿಂತಿತು.

"ಅಲ್ಲೇ ಕುಕ್ಕೆ ತುಂಬ ಸುಲಿದ ಬೆಳ್ಳುಳ್ಳಿ ಇತ್ತು. ಚೈನೀಸ್ ಕೌಂಟರಿಗೆ ದಿನಾ ಅಷ್ಟು ಬೇಕು, ಅಲ್ಲೇ ಕೂತು ಸುಲಿಯುವುದು. ಓ, ಇದರದ್ದೇ ಅಂದ್ಕೊಂಡೆ. ನಗು ಸಹ ಬಂತು. ಇಬ್ರೂ ಒಳ್ಳೆ ನಿದ್ದೆಯಲ್ಲಿದ್ರು. ಅಡುಗೆಮನೆಯ ಗಲಾಟೆಗೆ ಎಚ್ಚರ ಆದೀತು ಅಂತ ಬಾಗಿಲು ಎಳೆದು ಬಂದೆ."

ಬಾಗಿಲು ತೆರೆದಿದ್ದರೆ ಗಾಳಿ ಆಡುತ್ತಿತ್ತು. ಅದನ್ನು ನಾನು ಹೇಳಬೇಕಾಗಿರಲಿಲ್ಲ, ಅವನ ಮುಖವೇ ಹೇಳುತ್ತಿತ್ತು.

"ಬಾಗಿಲ ಮಾತು ಬರೆಯಬೇಡಿ," ಎಂದ. "ಶಿಕ್ಷೆಗೆ ಹೆದರಿ ಅಲ್ಲ. ಸೇವಂತಿ ಈ ಕಾಗದ ಓದ್ತಾಳೆ. ಅವಳಿಗೆ ಗೊತ್ತಾಗ್ಬಾರ್ದು."

ನನಗೆ ಎಲ್ಲಿತ್ತೋ ಆ ಸಿಟ್ಟು. ತಮ್ಮನನ್ನು ಕಳೆದುಕೊಂಡವಳಿಗೆ ಪೂರ್ತಿ ನಿಜ ಹೇಳುವ ಧೈರ್ಯ ಇಲ್ಲ, ಹೆಂಡತಿಯ ಕಣ್ಣಲ್ಲಿ ಸ್ವಲ್ಪವಾದರೂ ಒಳ್ಳೆಯವನಾಗಿ ಉಳಿಯಬೇಕು, ಅಷ್ಟೇ ತಾನೆ ಎಂದುಕೊಂಡೆ. "ನೀನು ಹೇಡಿ ಕಣೋ," ಎಂದೆ. "ಅವಳ ಎದುರು ನಿಂತು ಹೇಳೋಕೆ ನಿನಗೆ ಯೋಗ್ಯತೆ ಇಲ್ಲ."

ಅವನು, "ಹೌದು ಮಾಷ್ಟ್ರೇ," ಎಂದಷ್ಟೇ ಹೇಳಿ ತಲೆ ತಗ್ಗಿಸಿದ. ಬಾಗಿಲ ಮಾತು ನಾನೂ ಬರೆಯಲಿಲ್ಲ. ಬೈಯುವುದೂ ಆಯಿತು, ಅವನು ಹೇಳಿದ ಹಾಗೆ ಬರೆದುಕೊಟ್ಟದ್ದೂ ಆಯಿತು.

ಆಮೇಲೆ ಅವನು ಪಂಪು ಮುಟ್ಟಲಿಲ್ಲ. ಒಂದು ಕಿರಾಣಿ ಅಂಗಡಿಯಲ್ಲಿ ಸಾಮಾನು ಕಟ್ಟುವ ಕೆಲಸಕ್ಕೆ ಸೇರಿದ. ಸೇವಂತಿ ಅವನನ್ನು ಬಿಟ್ಟು ಹೋಗುತ್ತಾಳೆ ಎಂದು ಬಿಲ್ಡಿಂಗಿನವರು ಕಾದರು. ಅವಳು ಹೋಗಲಿಲ್ಲ. ಮೊದಮೊದಲು ಎರಡು ಹೊತ್ತು ಅನ್ನ ಬಡಿಸಿ ಸುಮ್ಮನೆ ಎದ್ದು ಹೋಗುತ್ತಿದ್ದಳು. ವರ್ಷ ಕಳೆದ ಮೇಲೆ ಒಂದೊಂದೇ ಮಾತು ಶುರುವಾಯಿತು. "ಅವರು ಬೇಕು ಅಂತ ಮಾಡ್ಲಿಲ್ಲ ಅಲ್ವಾ ಮಾಷ್ಟ್ರೇ. ಕಾಣದ ತೂತಿಗೆ ಯಾರನ್ನು ಬೈಯುವುದು," ಎಂದು ನನ್ನೆದುರು ಒಂದು ಸಲ ಅಂದಳು. ಅವನಿಗೆ ಕೆಮ್ಮು ಹೆಚ್ಚಾದಾಗ ಕಷಾಯ ಕಾಸತೊಡಗಿದಳು. ಆ ಮನೆ ಹೇಗೋ ನಿಂತುಕೊಂಡಿತು ಎಂದು ನನಗೂ ಸಮಾಧಾನವಾಗಿತ್ತು.

ಹೋದ ಶ್ರಾವಣದ ಒಂದು ಭಾನುವಾರ ಬೆಳಿಗ್ಗೆ ಗೇಟಿನಲ್ಲಿ ಒಬ್ಬ ಬಡಕಲು ಮನುಷ್ಯ ಬಿಸ್ಕತ್ತಿನ ಪ್ಯಾಕೆಟ್ಟು ಹಿಡಿದು ನಿಂತಿದ್ದ. "ಮದ್ದಿನ ಅಣ್ಣಾರ ಮನಿ ಎಲ್ಲೈತ್ರಿ?" ಎಂದು ಕೇಳಿದ. ಮರೆಪ್ಪ. ಊರಿಗೆ ಹೋಗಿದ್ದವನು ಮತ್ತೆ ಮುಂಬಯಿಗೆ ಬಂದಿದ್ದ, ಬೇರೆ ಹೋಟೆಲಿಗೆ. ನಾನೇ ಕೈ ಹಿಡಿದು ಮೇಲೆ ಕರೆದುಕೊಂಡು ಹೋದೆ. ದೊಡ್ಡ ಉಪಕಾರ ಮಾಡುತ್ತಿದ್ದೇನೆ ಎಂಬ ಹಮ್ಮು ಬೇರೆ.

ಗಂಡ ಹೆಂಡತಿ ಇಬ್ಬರೂ ಮನೆಯಲ್ಲಿದ್ದರು. ರೋಶನನ ಜೊತೆ ಕೊನೆಯ ಹೊತ್ತು ಕಳೆದವನು ಎಂದು ಸೇವಂತಿ ಅವನಿಗೆ ಚಹಾ ಮಾಡಿ ಕೊಟ್ಟು ಎದುರಿಗೇ ಕೂತಳು. ಚೆನ್ನಯ ಗೋಡೆಗೆ ಒರಗಿ ನಿಂತಿದ್ದ.

"ಅಕ್ಕಾರ, ಇಂಥಾ ಮನಷ್ಯಾನ ಮ್ಯಾಲೆ ಕೇಸ್ ಹಾಕ್ಯಾರಲ್ರಿ, ನನಗ ಹೊಟ್ಟಿ ಉರೀತೈತಿ," ಎಂದ ಮರೆಪ್ಪ. "ರೋಶನ್ ಮ್ಯಾಲೆ ಎಷ್ಟ್ ಜೀವ ಇಟ್ಟಿದ್ರು ಅಂತ ನಾ ಕಣ್ಣಾರೆ ನೋಡೇನ್ರಿ. ಆವತ್ತು ನಾವು ಮಕ್ಕೊಂಡಾಗ ಬಂದ್ರು. ನನಗ ಅರ್ಧ ಎಚ್ರ ಇತ್ತು. ಬಾಗಲದಾಗ ನಿಂತು ನೋಡಿದ್ರು. ಫೋನ್ ಬಂತು, ಮೆಲ್ಲಕ ಮಾತಾಡಿದ್ರು, ನಮಗ ಎಚ್ರ ಆಗಬಾರ್ದಂತ. ಆಮ್ಯಾಲೆ ಸಪ್ಪಳ ಆಗದಂಗ ಬಾಗಲಾ ಎಳಕೊಂಡು ಹೋದ್ರು. ಸ್ವಂತ ಅಣ್ಣನೂ ಅಷ್ಟು ಮಾಡಂಗಿಲ್ರಿ."

ಅವನ ಬಾಯಿ ಮುಚ್ಚಿಸಲು ನನಗೆ ಹೊಳೆಯುವಷ್ಟರಲ್ಲಿ ಮಾತು ಮುಗಿದಿತ್ತು. ಬಾಗಿಲ ವಿಷಯ ಬಯಲಾಯಿತಲ್ಲ ಎಂದು ನಾನು ಸೇವಂತಿಯ ಮುಖ ನೋಡಿದೆ. ಅವಳು ಬಾಗಿಲ ಬಗ್ಗೆ ಕೇಳಲಿಲ್ಲ.

"ಫೋನಾ?" ಎಂದಳು. ಗಂಡನ ಕಡೆ ತಿರುಗಿ, "ಯಾರ ಫೋನು?" ಎಂದಳು.

"ಅದು ಪವಾಯಿಯ ಕಸ್ಟಮರ್," ಎಂದ ಚೆನ್ನಯ. "ಎಷ್ಟು ಹೊತ್ತಿಗೆ ಬರ್ತೀ ಅಂತ ಕೇಳ್ಲಿಕ್ಕೆ."

"ಇಲ್ರೀ ಅಣ್ಣಾರ," ಎಂದ ಮರೆಪ್ಪ, ಮರೆತವರಿಗೆ ನೆನಪು ಮಾಡಿಕೊಡುವ ಮುಗ್ಧತೆಯಿಂದ. "ನಿಮ್ಮ ತುಳು ನನಗ ತಿಳಿಯಂಗಿಲ್ಲ ಖರೆ. ಆದ್ರ ಸೇವಂತಿ, ಸೇವಂತಿ ಅಂತ ಎರಡು ಸಲ ಅಂದ್ರಲ್ರಿ. ಅಕ್ಕಾರ ಫೋನ್ ಇರ್ಬೇಕು ಅನ್ಕೊಂಡೆ ನಾ."

ಚೆನ್ನಯ ಏನೋ ತುಳುವಿನಲ್ಲಿ ಹೇಳುತ್ತಾ ಸೇವಂತಿಯ ಹತ್ತಿರ ಬಂದು ನೆಲದ ಮೇಲೆ ಕೂತ. ಅವಳು ಅವನ ಕೈ ಸರಿಸಲಿಲ್ಲ, ಹಿಡಿಯಲೂ ಇಲ್ಲ.

"ಆ ದಿನ ನಾನು ಫೋನ್ ಮಾಡುವಾಗ ನೀವು ಗಾಡಿಯಲ್ಲಿದ್ದೆ ಅಂತ ಆಮೇಲೆ ಹೇಳಿದ್ರಿ," ಎಂದಳು. "ಪವಾಯಿ ದಾರಿಯಲ್ಲಿ, ಹಾರ್ನಿನ ಗಲಾಟೆಗೆ ನಾನು ಹೇಳಿದ್ದು ಕೇಳಲೇ ಇಲ್ಲ ಅಂದಿದ್ರಿ."

ಆಮೇಲೆ ನನ್ನ ಕಡೆ ತಿರುಗಿದಳು. ಅಷ್ಟೆಲ್ಲ ಆಗಿಯೂ ನನಗಾಗಿ ಕನ್ನಡದಲ್ಲೇ ಹೇಳಿದಳು.

"ಆ ಫೋನಿನಲ್ಲಿ ನಾನೇ ಹೇಳಿದ್ದು ಮಾಷ್ಟ್ರೇ. ಹೋಟೆಲಿಗೆ ಹೋದ್ರೆ ಅವ ಮಲಗಿದ್ದಾನಾ ನೋಡಿ, ಬಾಗಿಲು ಎಳೆದು ಬನ್ನಿ, ಯಾರೂ ಎಬ್ಬಿಸುವುದು ಬೇಡ ಅಂತ. ಒಂದು ತಿಂಗಳಾಗಿತ್ತಲ್ಲ ಅವ ನಿದ್ದೆ ಮಾಡದೆ."

ಎರಡು ವರ್ಷಕ್ಕೂ ಮೇಲೆ ಆ ಮನುಷ್ಯ ಅಷ್ಟನ್ನೂ ತನ್ನ ತಲೆಯ ಮೇಲೆ ಹೊತ್ತುಕೊಂಡು, ನನ್ನಿಂದ ಹೇಡಿ ಎನ್ನಿಸಿಕೊಂಡು, ಹೌದು ಎಂದು ತಲೆ ತಗ್ಗಿಸಿದ್ದ. ನನಗೆ ಅಲ್ಲಿ ಕೂರಲಾಗಲಿಲ್ಲ. ಮರೆಪ್ಪನ ತೋಳು ಹಿಡಿದು ಎಬ್ಬಿಸಿ ಹೊರಗೆ ಕರೆತಂದೆ.

ಮೆಟ್ಟಿಲಿಳಿಯುವಾಗ ಅವನು ಹೆದರಿದ್ದ. "ಸರ, ನಾ ಏನರ ತಪ್ಪು ಮಾತಾಡಿದ್ನೇನ್ರಿ?" ಎಂದು ಮತ್ತೆ ಮತ್ತೆ ಕೇಳಿದ.

"ಇಲ್ಲಪ್ಪ," ಎಂದೆ. "ಇದ್ದದ್ದನ್ನೇ ಹೇಳಿದೆ."